ಸರಿಯಾದ ಥೆರಪಿಸ್ಟ್ ಸಿಗಲು ಹದಿನಾಲ್ಕು ತಿಂಗಳು ಬೇಕಾಯಿತು

ಮೂರನೇ ಸೆಮಿಸ್ಟರ್‌ನ ಅನಲಾಗ್ ಸರ್ಕ್ಯೂಟ್ ಲ್ಯಾಬ್. ಬ್ರೆಡ್‌ಬೋರ್ಡ್ ಮೇಲೆ ಆಂಪ್ಲಿಫೈಯರ್ ಕಟ್ಟಿ, ಸಿಆರ್‌ಒ ಪರದೆಯಲ್ಲಿ ಅಲೆ ಬರಲಿ ಎಂದು ಕಾಯುತ್ತಿದ್ದೆ. ಲ್ಯಾಬ್ ಅಟೆಂಡರ್ ಹಿಂದಿನಿಂದ ಬಂದು, ‘ಏನಾಯ್ತಪ್ಪಾ?’ ಅಂತ ಹೆಗಲ ಮೇಲೆ ಕೈ ಇಟ್ಟರು. ಪಾಪ, ಫ್ಯೂಸ್ ನೋಡಲು ಬಂದವರು. ಅವರ ಬಾಯಲ್ಲಿ ಹೊಗೆಸೊಪ್ಪು, ಸುಣ್ಣದ ವಾಸನೆ ಇತ್ತು. ಅಷ್ಟೇ. ನಾನು ಕೂಗಿ ಹಿಂದಕ್ಕೆ ಹಾರಿದೆ. ಸ್ಟೂಲ್ ಬಿತ್ತು, ಪ್ರೋಬ್ ಕಿತ್ತುಬಂತು, ಇಡೀ ಬ್ಯಾಚ್ ನಕ್ಕಿತು. ‘ಏನ್ ಮಗಾ, ದೆವ್ವ ನೋಡಿದ್ಯಾ?’ ಎಂದ ನನ್ನ ಲ್ಯಾಬ್ ಪಾರ್ಟ್‌ನರ್. ನಾನೂ ನಕ್ಕೆ. ಆಮೇಲೆ ಟಾಯ್ಲೆಟ್‌ನಲ್ಲಿ ಕೂತು ಅರ್ಧ ಗಂಟೆ ಹೊರಗೆ ಬರಲಿಲ್ಲ.

ನನಗೆ ಒಂಬತ್ತು ವರ್ಷವಿದ್ದಾಗ ನಮ್ಮ ಮನೆಗೆ ಬಂದು ಹೋಗುತ್ತಿದ್ದ ನೆಂಟರೊಬ್ಬರು ಒಂದು ಬೇಸಿಗೆ ರಜೆಯುದ್ದಕ್ಕೂ ನನಗೆ ಮಾಡಿದ್ದೇನು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ಓದುಗರಿಗೆ ಬೇಕಾದ ವಿಷಯವೂ ಅಲ್ಲ. ನಾನು ಹೇಳಬೇಕಾಗಿರುವುದು ಅದರ ನಂತರದ್ದು. ಸಹಾಯ ಬೇಕು ಅಂತ ಗೊತ್ತಾದ ಮೇಲೂ ಸರಿಯಾದ ಸಹಾಯ ಸಿಗುವುದು ಎಷ್ಟು ಕಷ್ಟ, ತಪ್ಪಾದ ಸಹಾಯ ಎಷ್ಟು ನೋಯಿಸುತ್ತದೆ, ಸರಿಯಾದದ್ದು ಸಿಕ್ಕಾಗ ಏನಾಗುತ್ತದೆ ಎಂಬುದು.

ನನಗಾಗಿದ್ದಕ್ಕೆ ಒಂದು ಹೆಸರಿದೆ ಅಂತ ಗೊತ್ತಾಗಿದ್ದೇ ತಡವಾಗಿ. ಎನ್ನೆಸ್ಸೆಸ್ ಶಿಬಿರದಲ್ಲಿ ಮಕ್ಕಳ ಹಕ್ಕುಗಳ ಬಗ್ಗೆ ಮಾತಾಡಲು ಬಂದಿದ್ದ ಮೇಡಂ ಒಬ್ಬರು, ‘ಹೆಣ್ಣುಮಕ್ಕಳಿಗೆ ಮಾತ್ರ ಅಂದುಕೋಬೇಡಿ’ ಎಂದು ಒಂದು ಅಧ್ಯಯನದ ಅಂಕಿ ಹೇಳಿದರು. ಆ ರಾತ್ರಿ ಮೊಬೈಲಿನಲ್ಲಿ ಹುಡುಕಿ ಓದಿದೆ. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ವರದಿ ಅದು. 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿದ್ದರು. ಶೇ 53ಕ್ಕೂ ಹೆಚ್ಚು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದ್ದರು. ಹಾಗೆ ಹೇಳಿದವರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಗಂಡುಮಕ್ಕಳೇ. ಆ ಸಾಲನ್ನು ನಾನು ಎಷ್ಟು ಸಲ ಓದಿದೆನೋ! ನಮ್ಮ ಕ್ಲಾಸಿನಲ್ಲಿ ಅರವತ್ತು ಜನ ಇದ್ದೇವೆ. ಮಾರನೇ ದಿನದಿಂದ ಹಾಜರಿ ಕೂಗುವಾಗಲೆಲ್ಲ ಮನಸ್ಸು ತಾನೇ ಲೆಕ್ಕ ಹಾಕುತ್ತಿತ್ತು.

ಲ್ಯಾಬ್ ಘಟನೆಯಾದ ವಾರದಲ್ಲೇ ಧೈರ್ಯ ಮಾಡಿ ಕಾಲೇಜಿನ ಕೌನ್ಸೆಲರ್ ಹತ್ತಿರ ಹೋದೆ. ಕೌನ್ಸೆಲರ್ ಎಂದರೆ ಪಾಠ ಮಾಡುವ ಮೇಷ್ಟ್ರೇ, ಹೆಚ್ಚುವರಿ ಹೊಣೆ ಅಷ್ಟೆ. ಬಾಗಿಲು ತೆರೆದೇ ಇತ್ತು, ಹೊರಗೆ ಯಾರೋ ಹಾಲ್ ಟಿಕೆಟ್‌ಗೆ ಸಹಿ ಹಾಕಿಸಲು ನಿಂತಿದ್ದರು. ತೊದಲುತ್ತಾ ಎರಡು ವಾಕ್ಯ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಲ್ಲಪ್ಪಾ, ನೀನು ಯಾಕೆ ಕೂಗಲಿಲ್ಲ?’ ಎಂದರು. ಆಮೇಲೆ, ‘ಗಂಡು ಹುಡುಗ, ಇದನ್ನೆಲ್ಲ ತಲೇಲಿ ಇಟ್ಕೋಬಾರದು. ಕ್ಷಮಿಸಿಬಿಡು, ಬೆಳಗ್ಗೆ ಎದ್ದು ಧ್ಯಾನ ಮಾಡು, ಜಿಮ್‌ಗೆ ಸೇರು’ ಎಂದರು. ಕೆಟ್ಟ ಮನುಷ್ಯರೇನಲ್ಲ. ಅವರಿಗೆ ಗೊತ್ತಿದ್ದದ್ದೇ ಅಷ್ಟು. ಆದರೆ ಆ ಒಂದು ಪ್ರಶ್ನೆ ನನ್ನ ಜೊತೆ ಹಾಸ್ಟೆಲಿಗೆ ಬಂತು, ಊಟಕ್ಕೆ ಕೂತಿತು, ಮಲಗಿತು. ಯಾಕೆ ಕೂಗಲಿಲ್ಲ?

ಉತ್ತರ ಸಿಕ್ಕಿದ್ದು ಒಂದು ವರ್ಷ ಕಳೆದ ಮೇಲೆ. ಅಪಾಯ ಬಂದಾಗ ದೇಹಕ್ಕೆ ಹೋರಾಡುವುದು, ಓಡುವುದು ಎರಡೇ ದಾರಿ ಅಲ್ಲ. ಕಲ್ಲಿನಂತಾಗುವುದು ಇನ್ನೊಂದು. ಅದು ಯೋಚಿಸಿ ಮಾಡುವ ತೀರ್ಮಾನವೇ ಅಲ್ಲ, ಯೋಚನೆಗೆ ಮೊದಲೇ ನರಮಂಡಲ ಮಾಡಿಬಿಡುವ ಕೆಲಸ. ಅದರಲ್ಲೂ ಮಗುವಿಗೆ ಎದುರಿಗಿರುವವರು ಗುರುತಿನವರು, ದೊಡ್ಡವರು, ಮನೆಯವರು ಗೌರವ ಕೊಡುವವರು ಆಗಿದ್ದರೆ ಕೂಗು ಹೊರಡುವುದಾದರೂ ಹೇಗೆ? ಇಷ್ಟನ್ನು ಮೊದಲ ದಿನವೇ ಯಾರಾದರೂ ಹೇಳಿದ್ದರೆ ನನ್ನ ಒಂದು ವರ್ಷ ಉಳಿಯುತ್ತಿತ್ತು.

ಎರಡನೇ ಪ್ರಯತ್ನ ಆ್ಯಪ್ ಮೂಲಕ. ಸೆಷನ್‌ಗೆ ಸಾವಿರದ ಇನ್ನೂರು ರೂಪಾಯಿ. ಅಮ್ಮ ಮೆಸ್ ಬಿಲ್‌ಗೆ ಕಳಿಸಿದ ದುಡ್ಡಲ್ಲಿ ಉಳಿಸಿ, ಒಬ್ಬ ಪಿಯುಸಿ ಹುಡುಗನಿಗೆ ಗಣಿತ ಹೇಳಿಕೊಟ್ಟು ಹೊಂದಿಸಿದೆ. ಪರದೆಯಲ್ಲಿ ಬಂದವರು ಮೃದು ಮಾತಿನ ಯುವತಿ, ಇಂಗ್ಲಿಷ್ ಮಾತ್ರ ಬರುತ್ತಿತ್ತು. ಮೊದಲ ಸಲ ಒಬ್ಬರು ನನ್ನನ್ನು ನಂಬಿದರು. ಅದಕ್ಕೆ ಇವತ್ತಿಗೂ ಋಣಿ. ಆದರೆ ಎರಡನೇ ಸೆಷನ್‌ನಲ್ಲೇ ಕಣ್ಣು ಮುಚ್ಚಿ, ಮೊದಲಿನಿಂದ ನಡೆದದ್ದನ್ನೆಲ್ಲ ಹೇಳಲು ಕೇಳಿದರು. ಹೇಳಿದೆ. ನಲವತ್ತೈದು ನಿಮಿಷಕ್ಕೆ ಕಾಲ್ ಮುಗಿಯಿತು. ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ನಾನು ಆ ಬೇಸಿಗೆಯಲ್ಲೇ ಉಳಿದಿದ್ದೆ. ನಾಲ್ಕು ರಾತ್ರಿ ನಿದ್ದೆ ಇಲ್ಲ. ಎರಡು ಇಂಟರ್ನಲ್ಸ್ ಬರೆಯಲಿಲ್ಲ. ರೂಮ್‌ಮೇಟ್ ಡೆಂಗಿ ಇರಬೇಕು ಅಂತ ರಕ್ತ ಪರೀಕ್ಷೆಗೆ ಕರೆದುಕೊಂಡು ಹೋದ. ಪ್ಲೇಟ್‌ಲೆಟ್ ಎಲ್ಲ ಸರಿಯಾಗಿತ್ತು!

ಇದರಲ್ಲಿ ತಪ್ಪೇನಿತ್ತು ಎಂದು ಆಮೇಲೆ ತಿಳಿಯಿತು. ನಡೆದದ್ದನ್ನು ಹೇಳುವುದೇ ತಪ್ಪಲ್ಲ. ಆಘಾತಕ್ಕೆ ಕೊಡುವ ಒಳ್ಳೆಯ ಚಿಕಿತ್ಸೆಗಳಲ್ಲಿ ಹಲವು ಆ ನೆನಪಿನ ಮೂಲಕವೇ ಹಾದುಹೋಗುತ್ತವೆ. ತಪ್ಪಾಗಿದ್ದು ಕ್ರಮದಲ್ಲಿ. ಅಮೆರಿಕದ ಮನೋವೈದ್ಯೆ ಜುಡಿತ್ ಹರ್ಮನ್ 1992ರಲ್ಲಿ ಬರೆದ ‘ಟ್ರಾಮಾ ಆ್ಯಂಡ್ ರಿಕವರಿ’ಯಲ್ಲಿ ಚೇತರಿಕೆಯನ್ನು ಮೂರು ಹಂತಗಳಲ್ಲಿ ನೋಡುತ್ತಾರೆ. ಮೊದಲು ಸುರಕ್ಷತೆ, ನಂತರ ನೆನಪು ಮತ್ತು ದುಃಖ, ಕೊನೆಗೆ ಮತ್ತೆ ಬದುಕಿನ ಜೊತೆ ನಂಟು. ನಾನು ಮೊದಲ ಮೆಟ್ಟಿಲು ಹತ್ತದೆ ಎರಡನೆಯದಕ್ಕೆ ಹಾರಿದ್ದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅರ್ಥಿಂಗ್ ಕೊಡದೆ ಮೇನ್ಸ್ ಆನ್ ಮಾಡಿದ ಹಾಗೆ.

ಆ ಯುವತಿಯ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ನನ್ನ ಸ್ಥಿತಿ ತಿಳಿದ ಮೇಲೆ ಅವರು, ‘ಇದು ನನ್ನ ತರಬೇತಿಗೆ ಮೀರಿದ್ದು, ಟ್ರಾಮಾದಲ್ಲಿ ಅನುಭವ ಇರುವವರನ್ನು ನೋಡಿ’ ಎಂದು ಸ್ಪಷ್ಟವಾಗಿ ಹೇಳಿದರು. ಆಗ ಸಿಟ್ಟು ಬಂದಿತ್ತು, ಕೈಬಿಟ್ಟರು ಅನ್ನಿಸಿತ್ತು. ಈಗ ಯೋಚಿಸಿದರೆ ಅವರು ಮಾಡಿದ ಅತಿ ಒಳ್ಳೆಯ ಕೆಲಸವೇ ಅದು.

ಭಾಷೆಯದೂ ಒಂದು ಕಥೆ. ನನ್ನ ಒಂಬತ್ತನೇ ವರ್ಷ ನಡೆದದ್ದು ಕನ್ನಡದಲ್ಲಿ. ಆ ನೆಂಟರು ಆಡಿದ ಮಾತು, ‘ಯಾರಿಗೂ ಹೇಳಬೇಡ’ ಎಂದದ್ದು, ಅಂಗಳದಲ್ಲಿ ಅಜ್ಜಿ ಕರೆಯುತ್ತಿದ್ದದ್ದು, ಎಲ್ಲ ಕನ್ನಡ. ಇಂಗ್ಲಿಷ್‌ನಲ್ಲಿ ಹೇಳುವಾಗ ಅದು ಬೇರೆ ಯಾರದೋ ಕಥೆಯ ಹಾಗೆ ಕೇಳಿಸುತ್ತಿತ್ತು. ಕೆಲವರಿಗೆ ಆ ದೂರವೇ ಅನುಕೂಲ ಇರಬಹುದು, ಮನೆಯ ಭಾಷೆಯಲ್ಲಿ ಹೇಳಲು ಬಾಯಿಯೇ ಬರದವರೂ ಇರುತ್ತಾರೆ. ನನಗೆ ಮಾತ್ರ ಆಗಲಿಲ್ಲ. ಜೊತೆಗೆ ನಮ್ಮ ಕಡೆ ದೇಹದ ಆ ಭಾಗಗಳಿಗೆ ಇರುವುದು ಒಂದೋ ಬೈಗುಳದ ಪದ, ಇಲ್ಲವೇ ಒಂಬತ್ತನೇ ತರಗತಿಯ ಜೀವಶಾಸ್ತ್ರದ ಪದ. ನಡುವೆ ಒಂದೂ ಇಲ್ಲ. ಮಗುವಿಗೆ ಹೇಳಿಕೊಳ್ಳಲು ಮಾತೇ ಕೊಡದೆ, ‘ಯಾಕೆ ಹೇಳಲಿಲ್ಲ’ ಎಂದು ಕೇಳುತ್ತೇವೆ.

ನಂತರ ಐದಾರು ತಿಂಗಳು ಏನೂ ಮಾಡಲಿಲ್ಲ. ಎರಡು ಸಬ್ಜೆಕ್ಟ್ ಬ್ಯಾಕ್ ಉಳಿದವು. ಯಾರ ಜೊತೆಯೂ ಬೆರೆಯುತ್ತಿರಲಿಲ್ಲ. ಒಂದು ರಾತ್ರಿ ಎರಡು ಗಂಟೆಗೆ ಹಾಸ್ಟೆಲ್ ಟೆರೇಸ್‌ನ ನೀರಿನ ಟ್ಯಾಂಕ್ ಪಕ್ಕ ಕೂತು 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾದ ಕೇಂದ್ರ ಸರ್ಕಾರದ ಸಹಾಯವಾಣಿ. ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ, ತಂತ್ರಜ್ಞಾನದ ನೆರವು ಐಐಐಟಿ ಬೆಂಗಳೂರಿನದು. ದಿನದ 24 ಗಂಟೆಯೂ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಆ ಕಡೆಯಿಂದ ಹೆಂಗಸಿನ ಧ್ವನಿ, ‘ಹೇಳಿ, ಕೇಳಿಸ್ಕೋತಾ ಇದ್ದೀನಿ’ ಎಂದಿತು. ನಾನು ಅತ್ತೆ. ಅವರು ಅವಸರ ಮಾಡಲಿಲ್ಲ. ‘ಈಗ ಎಲ್ಲಿ ಕೂತಿದ್ದೀರಿ?’ ಎಂದು ಕೇಳಿದರು. ಟೆರೇಸ್ ಎಂದಾಗ ಮೊದಲು ಕೆಳಗೆ ಇಳಿದು ರೂಮಿಗೆ ಹೋಗುವಂತೆ ಹೇಳಿ, ಮೆಟ್ಟಿಲು ಇಳಿಯುವವರೆಗೂ ಲೈನ್‌ನಲ್ಲೇ ಇದ್ದರು. ಆಮೇಲೆ ಸರ್ಕಾರಿ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಲು ದಾರಿ ಹೇಳಿದರು.

ಹೋದೆ. ಉದ್ದ ಸಾಲು. ಚೀಟಿ ಮಾಡಿಸಿ ಬೆಂಚಿನ ಮೇಲೆ ಮೂರು ಗಂಟೆ ಕಾದೆ. ನನ್ನ ಪಕ್ಕ ಒಬ್ಬ ಅಜ್ಜಿ ಮಗನಿಗೆ ಬಾಳೆಹಣ್ಣು ಸುಲಿದು ಕೊಡುತ್ತಾ, ನನಗೂ ಒಂದು ಕೊಟ್ಟರು. ಮೊದಲು ನೋಡಿದ್ದು ಸೈಕಿಯಾಟ್ರಿಸ್ಟ್. ಸೈಕಿಯಾಟ್ರಿಸ್ಟ್ ಎಂದರೆ ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರ ಓದಿದವರು, ಮಾತ್ರೆ ಬರೆಯುವವರು. ಕ್ಲಿನಿಕಲ್ ಸೈಕಾಲಜಿಸ್ಟ್ ಬೇರೆ, ಅವರು ಮಾತಿನ ಮೂಲಕ ಚಿಕಿತ್ಸೆ ಮಾಡುವವರು. ಈ ವ್ಯತ್ಯಾಸ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಡಾಕ್ಟರ್ ನಿದ್ದೆ ಮತ್ತು ಆತಂಕಕ್ಕೆ ಮಾತ್ರೆ ಬರೆದು, ‘ಇದು ನೆನಪನ್ನು ಅಳಿಸಲ್ಲ, ಥೆರಪಿಗೆ ಕೂರುವಷ್ಟು ಶಕ್ತಿ ಕೊಡುತ್ತೆ’ ಎಂದು ಸೈಕಾಲಜಿಸ್ಟ್ ಹತ್ತಿರ ಕಳಿಸಿದರು.

ಆ ಮೇಡಂ ಕೋಣೆಯಲ್ಲಿ ಎರಡು ಕುರ್ಚಿ ಇದ್ದವು, ಒಂದು ಬಾಗಿಲಿಗೆ ಬೆನ್ನು ಹಾಕಿ, ಇನ್ನೊಂದು ಬಾಗಿಲು ಕಾಣುವಂತೆ. ‘ಎಲ್ಲಿ ಕೂರ್ತೀರಿ?’ ಎಂದು ಕೇಳಿದರು. ಬಾಗಿಲು ಕಾಣುವ ಕಡೆ ಕೂತೆ. ಅವರ ಎರಡನೇ ಮಾತು: ‘ಇವತ್ತು ನಡೆದದ್ದೇನನ್ನೂ ಹೇಳಬೇಕಾಗಿಲ್ಲ.’ ನನಗೆ ಉಸಿರು ಬಂತು. ಆಮೇಲೆ ಗುಟ್ಟಿನ ಬಗ್ಗೆ ಹೇಳಿದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ಇಲ್ಲಿನ ಮಾತು ಹೊರಗೆ ಹೋಗುವಂತಿಲ್ಲ, ಆದರೆ ಅದಕ್ಕೂ ಮಿತಿ ಇದೆ. ನನ್ನ ಜೀವಕ್ಕೆ ಅಪಾಯವಿದ್ದರೆ, ಅಥವಾ ಈಗ ಯಾವುದಾದರೂ ಮಗು ಅಪಾಯದಲ್ಲಿದ್ದರೆ ಅವರು ಸುಮ್ಮನಿರುವಂತಿಲ್ಲ. ‘ಇದನ್ನು ಮೊದಲೇ ಹೇಳಿದರೆ ಏನು ಹೇಳಬೇಕು, ಯಾವಾಗ ಹೇಳಬೇಕು ಅಂತ ನೀವು ತೀರ್ಮಾನ ಮಾಡಬಹುದು’ ಎಂದರು. ತೀರ್ಮಾನ ನನ್ನದು ಎಂದು ಯಾರೋ ಹೇಳಿದ್ದು ಅದೇ ಮೊದಲು.

ಮೊದಲ ಐದು ವಾರ ಬರೀ ಅರ್ಥಿಂಗ್ ಕೆಲಸ. ನೆನಪು ನುಗ್ಗಿ ಬಂದಾಗ ಸುತ್ತ ಕಾಣುವ ಐದು ವಸ್ತು, ಮುಟ್ಟಬಹುದಾದ ನಾಲ್ಕು, ಕೇಳಿಸುವ ಮೂರು ಸದ್ದು ಎಂದು ಎಣಿಸುವುದು. ಅಂಗಾಲನ್ನು ನೆಲಕ್ಕೆ ಒತ್ತುವುದು. ಮೊದಲಿಗೆ ನಗು ಬಂತು, ಇದೇನು ನರ್ಸರಿ ಆಟ ಅಂತ. ಆದರೆ ಬಿಎಂಟಿಸಿ ಬಸ್ಸಿನ ನೂಕುನುಗ್ಗಲಲ್ಲಿ ಅದೇ ಕೈ ಹಿಡಿಯಿತು. ಒಂದು ದಿನ ಲ್ಯಾಬ್ ಅಟೆಂಡರ್ ಹತ್ತಿರ ಹೋಗಿ, ‘ಅಣ್ಣಾ, ಹಿಂದಿನಿಂದ ಕೈ ಇಟ್ಟರೆ ನನಗೆ ಗಾಬರಿಯಾಗುತ್ತೆ’ ಎಂದು ಹೇಳಿಬಿಟ್ಟೆ. ಕಾರಣ ಕೇಳಲಿಲ್ಲ ಅವರು. ‘ಆಯ್ತು ಬಿಡಪ್ಪಾ’ ಎಂದರು. ಈಗ ದೂರದಿಂದಲೇ ಕೆಮ್ಮಿಕೊಂಡು ಬರುತ್ತಾರೆ.

ಆಮೇಲೆ ಶುರುವಾದದ್ದು ಸಿಪಿಟಿ, ಕಾಗ್ನಿಟಿವ್ ಪ್ರೊಸೆಸಿಂಗ್ ಥೆರಪಿ. ಪೆಟ್ರೀಷಿಯಾ ರೆಸಿಕ್ ಎಂಬ ಮನಶ್ಶಾಸ್ತ್ರಜ್ಞೆ ಅತ್ಯಾಚಾರದ ಆಘಾತದಿಂದ ನರಳುತ್ತಿದ್ದವರಿಗಾಗಿ 1980ರ ದಶಕದ ಕೊನೆಯಲ್ಲಿ ರೂಪಿಸಿದ್ದು. ಸಾಮಾನ್ಯವಾಗಿ 12 ಸೆಷನ್. ಇದರಲ್ಲಿ ಘಟನೆಯ ವಿವರಕ್ಕಿಂತ ಹೆಚ್ಚಾಗಿ ಅದು ನಮ್ಮ ತಲೆಯಲ್ಲಿ ಕೂರಿಸಿದ ನಂಬಿಕೆಗಳನ್ನು ಹಿಡಿದು ಪ್ರಶ್ನಿಸುತ್ತಾರೆ. ವರ್ಕ್‌ಶೀಟ್ ಇರುತ್ತವೆ, ಹೋಮ್‌ವರ್ಕ್ ಇರುತ್ತದೆ. ‘ನಾನು ಕೂಗಲಿಲ್ಲ, ಆದ್ದರಿಂದ ತಪ್ಪು ನನ್ನದು’ ಎಂದು ಬರೆದಿದ್ದೆ. ಅದರ ಪರವಾಗಿ ಏನು ಸಾಕ್ಷಿ, ವಿರುದ್ಧವಾಗಿ ಏನು ಸಾಕ್ಷಿ ಎಂದು ಎರಡು ಕಾಲಂ ತುಂಬಬೇಕು. ಡೀಬಗ್ ಮಾಡುವ ಕೆಲಸದ ಹಾಗೇ ಇದೆಯಲ್ಲ ಅನ್ನಿಸಿತು, ಬಹುಶಃ ಅದಕ್ಕೇ ನನಗೆ ಒಗ್ಗಿತು. ಒಂದು ದಿನ ಮೇಡಂ ಕೇಳಿದರು, ‘ನಿಮ್ಮ ಮನೆಯಲ್ಲಿ ಈಗ ಒಂಬತ್ತು ವರ್ಷದ ಮಗು ಯಾರಾದರೂ ಇದ್ದಾರಾ? ಅವರಿಗೆ ಹೀಗಾದರೆ, ಯಾಕೆ ಕೂಗಲಿಲ್ಲ ಅಂತ ಕೇಳ್ತೀರಾ?’ ನಾನು ಉತ್ತರಿಸಲಿಲ್ಲ. ಆ ಪ್ರಶ್ನೆ ಇನ್ನೆಲ್ಲಿಗೋ ಕರೆದೊಯ್ದಿತು, ಅದಕ್ಕೆ ಮತ್ತೆ ಬರುತ್ತೇನೆ.

ಇನ್‌ಸ್ಟಾಗ್ರಾಮಿನಲ್ಲಿ ಎಲ್ಲರೂ ಹೊಗಳುವ ಇಎಂಡಿಆರ್ ಬಗ್ಗೆಯೂ ಕೇಳಿದ್ದೆ. ನೆನಪನ್ನು ಮನಸ್ಸಿನಲ್ಲಿ ಇಟ್ಟುಕೊಂಡು, ಥೆರಪಿಸ್ಟ್ ಬೆರಳು ಆಡಿಸಿದ ಕಡೆ ಕಣ್ಣು ಆಡಿಸುವ ವಿಧಾನ ಅದು. ಫ್ರಾನ್ಸಿನ್ ಶಪೀರೊ ಎಂಬಾಕೆ 1987ರಲ್ಲಿ ಹೊಳೆದದ್ದನ್ನು ಬೆಳೆಸಿದರು. ಮಂತ್ರ ಹಾಕಿದಂತೆ ಕಾಣುತ್ತದೆ, ಆದರೆ ವಿಶ್ವ ಆರೋಗ್ಯ ಸಂಸ್ಥೆಯ 2013ರ ಮಾರ್ಗಸೂಚಿಯಲ್ಲಿ ಆಘಾತ ಕೇಂದ್ರಿತ ಸಿಬಿಟಿ ಜೊತೆಗೆ ಅದರ ಹೆಸರೂ ಇದೆ. ಕಣ್ಣಿನ ಚಲನೆಯೇ ಕೆಲಸ ಮಾಡುತ್ತದೋ, ನೆನಪನ್ನು ಎದುರಿಸುವುದೇ ಕೆಲಸ ಮಾಡುತ್ತದೋ ಎಂಬ ಚರ್ಚೆ ತಜ್ಞರಲ್ಲಿ ಇನ್ನೂ ನಡೆದೇ ಇದೆಯಂತೆ. ಬಾಯಿಬಿಟ್ಟು ವಿವರ ಹೇಳಲು ಆಗದವರಿಗೆ ಅದು ಹಿತವಾಗಬಹುದು ಎಂದರು ಮೇಡಂ. ಯಾವುದು ದೊಡ್ಡದು ಎಂಬುದಕ್ಕಿಂತ ಅದನ್ನು ಮಾಡುವವರು ಕಲಿತಿದ್ದಾರಾ, ನಮಗೆ ಒಗ್ಗುತ್ತದಾ ಎಂಬುದೇ ಮುಖ್ಯ ಅನ್ನುವುದು ನನ್ನ ಅಭಿಪ್ರಾಯ.

ಕಲಿತಿದ್ದಾರಾ ಎಂದು ಕೇಳಲು ಸಂಕೋಚ ಬೇಡ. ಕೆಲವೇ ವಾರದ ಕೋರ್ಸ್ ಮಾಡಿ ಕೌನ್ಸೆಲರ್ ಎಂದು ಬೋರ್ಡ್ ಹಾಕಿಕೊಂಡವರೂ ಇದ್ದಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ ನೋಂದಣಿ ಇರುತ್ತದೆ, ಸಂಖ್ಯೆ ಕೇಳಬಹುದು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಜೊತೆ ಕೆಲಸ ಮಾಡಿದ್ದೀರಾ, ಯಾವ ವಿಧಾನ ಬಳಸುತ್ತೀರಿ, ನನಗೆ ತಡೆಯಲು ಆಗದಿದ್ದರೆ ನಿಲ್ಲಿಸಬಹುದಾ, ನಾನು ಹೇಳಿದ್ದು ಯಾರಿಗೆ ತಿಳಿಯುತ್ತದೆ? ಇವಕ್ಕೆ ಸಿಡುಕುವವರ ಹತ್ತಿರ ಎರಡನೇ ಸಲ ಹೋಗಬೇಕಾಗಿಲ್ಲ. ಹೆಣ್ಣು ಥೆರಪಿಸ್ಟ್ ಬೇಕು, ಗಂಡು ಬೇಕು ಎಂದು ಕೇಳುವುದೂ ತಪ್ಪಲ್ಲ. ನನಗೆ ಗಂಡಸಿನ ಎದುರು ಕೂರಲು ಆಗುತ್ತಿರಲಿಲ್ಲ. ಬೆಂಗಳೂರಿನಲ್ಲಿರುವ ನಮಗೇನೋ ಆಯ್ಕೆ ಇದೆ, ಊರಿನಲ್ಲಿರುವವರು ಏನು ಮಾಡಬೇಕು ಎಂಬ ಪ್ರಶ್ನೆ ಬರುತ್ತದೆ. ಜಿಲ್ಲಾಸ್ಪತ್ರೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಇರುತ್ತದೆ. 1996ರಲ್ಲಿ ದೇಶದಲ್ಲಿ ಶುರುವಾದ ಈ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಮ್ಮದೇ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಮಾಡಿದ ಪ್ರಯೋಗ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ‘ಮನೋಚೈತನ್ಯ’ ಕ್ಲಿನಿಕ್ ಇದೆ. ಆದರೆ ನಮ್ಮೂರ ಆಸ್ಪತ್ರೆಯಲ್ಲಿ ಆ ಸಾಲಲ್ಲಿ ನಿಂತರೆ ಸಂಜೆಯೊಳಗೆ ಅಮ್ಮನಿಗೆ ಸುದ್ದಿ ಮುಟ್ಟುತ್ತದೆ. ಕಟ್ಟಡ ಇದ್ದರೆ ಸಾಲದು, ಆ ಬಾಗಿಲೊಳಗೆ ಹೋಗುವವರನ್ನು ನೋಡುವ ಕಣ್ಣುಗಳೂ ಬದಲಾಗಬೇಕು.

ಇನ್ನು ಆ ಒಂಬತ್ತು ವರ್ಷದ ಮಗುವಿನ ಪ್ರಶ್ನೆ. ನನ್ನ ಚಿಕ್ಕಪ್ಪನ ಮಗಳಿಗೆ ಈಗ ಎಂಟು. ಆ ನೆಂಟರು ಈಗಲೂ ಹಬ್ಬಕ್ಕೆ ಬರುತ್ತಿದ್ದರು, ಅವಳಿಗೆ ಚಾಕೊಲೇಟ್ ತರುತ್ತಿದ್ದರು. ಇದನ್ನು ನಾನು ಸೆಷನ್‌ನಲ್ಲಿ ಹೇಳಿದ ದಿನ ಮೇಡಂ ಪೆನ್ನು ಕೆಳಗಿಟ್ಟರು. ಮೊದಲ ದಿನ ಹೇಳಿದ್ದ ಮಿತಿ ನೆನಪಿಸಿದರು. ಮಗುವಿನ ಮೇಲೆ ದೌರ್ಜನ್ಯವಾಗಿದೆ ಅಥವಾ ಆಗುವ ಸಾಧ್ಯತೆ ಇದೆ ಎಂದು ತಿಳಿದವರು ಪೊಲೀಸರಿಗೆ ತಿಳಿಸಬೇಕು ಎನ್ನುತ್ತದೆ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್. ಆ ಕಾಯ್ದೆ ಗಂಡುಮಗು, ಹೆಣ್ಣುಮಗು ಎಂಬ ಭೇದ ಮಾಡುವುದಿಲ್ಲ. ದೊಡ್ಡವರಾದ ಮೇಲೂ ದೂರು ಕೊಡಬಹುದು, ಅದಕ್ಕೆ ಕಾಲಮಿತಿ ಇಲ್ಲ ಎಂದು ಕೇಂದ್ರ ಸರ್ಕಾರ 2018ರಲ್ಲಿ ಸ್ಪಷ್ಟಪಡಿಸಿದೆ. ‘ಮೊದಲು ಮಗುವನ್ನು ಕಾಪಾಡೋಣ. ಮನೆಯಲ್ಲಿ ಯಾರಿಗೆ ಹೇಳಬಹುದು?’ ಎಂದರು. ಅಮ್ಮನಿಗೆ ಹೇಳುವುದನ್ನು ಆ ಕೋಣೆಯಲ್ಲೇ ಮೂರು ಸಲ ಅಭ್ಯಾಸ ಮಾಡಿದೆ.

ಊರಿಗೆ ಹೋದೆ. ಅಮ್ಮ ಹಿತ್ತಿಲ ಕಟ್ಟೆಯ ಮೇಲೆ ಮೆಂತ್ಯಸೊಪ್ಪು ಬಿಡಿಸುತ್ತಿದ್ದಳು. ಅಭ್ಯಾಸ ಮಾಡಿದ್ದೆಲ್ಲ ಮರೆತುಹೋಯಿತು. ಹೇಗೋ ಹೇಳಿದೆ. ಅಮ್ಮ ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. ಎಲೆ, ಕಡ್ಡಿ ಎರಡನ್ನೂ ಒಂದೇ ಕಡೆ ಹಾಕುತ್ತಿದ್ದಳು. ತುಂಬ ಹೊತ್ತಾದ ಮೇಲೆ, ‘ಆ ವರ್ಷ ನೀನು ಒಬ್ಬನೇ ಮಲಗಲ್ಲ ಅಂತ ಹಟ ಮಾಡ್ತಿದ್ದೆ. ನಾನು ಹೊಡೆದಿದ್ದೆ’ ಎಂದಳು. ಆಮೇಲೆ, ‘ಈಗ ನಿದ್ದೆ ಬರುತ್ತಾ ಮಗಾ?’ ಎಂದಳು. ಸ್ವಲ್ಪ ಸ್ವಲ್ಪ ಬರುತ್ತೆ ಅಂದೆ. ಅವತ್ತು ಸಂಜೆಯೇ ಚಿಕ್ಕಮ್ಮನ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಮಾತಾಡಿದಳು. ಗೌರಿ ಹಬ್ಬಕ್ಕೆ ಆ ನೆಂಟರು ಬರಲಿಲ್ಲ. ಬರಬೇಡ ಅಂತ ಅಮ್ಮನೇ ಫೋನ್ ಮಾಡಿ ಹೇಳಿದ್ದಳಂತೆ. ಅಪ್ಪ ಮಾತ್ರ ಇನ್ನೂ ನನ್ನ ಮುಖ ನೋಡಿ ಮಾತಾಡುತ್ತಿಲ್ಲ. ಅದು ಸಿಟ್ಟೋ, ನಾಚಿಕೆಯೋ, ಇನ್ನೇನೋ ಗೊತ್ತಿಲ್ಲ. ಮನೆಯಲ್ಲಿ ಕೆಲವರಿಗೆ ‘ಈಗ ಇದನ್ನೆಲ್ಲ ಎತ್ತಬೇಕಿತ್ತಾ’ ಎಂಬ ಅಸಮಾಧಾನವೂ ಇದೆ.

ಹತ್ತನೇ ಸೆಷನ್ ಮುಗಿದಿದೆ. ವಾಸಿಯಾಯಿತಾ ಎಂದು ಕೇಳಿದರೆ ಏನು ಹೇಳಲಿ? ವಾರದಲ್ಲಿ ಐದು ರಾತ್ರಿ ನಿದ್ದೆ ಬರುತ್ತದೆ. ಹೊಗೆಸೊಪ್ಪಿನ ವಾಸನೆಗೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ, ಆದರೆ ಸ್ಟೂಲ್ ಬೀಳುವುದಿಲ್ಲ. ಬ್ಯಾಕ್ ಉಳಿದ ಎರಡರಲ್ಲಿ ಒಂದು ಪಾಸಾಯಿತು. ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ಇನ್ನೂ ಉಳಿದಿದೆ, ಅದಕ್ಕೆ ಆಘಾತವನ್ನು ದೂರುವ ಹಾಗಿಲ್ಲ. ಲೇಖನದ ಕೆಳಗೆ ನನ್ನ ಹೆಸರು ಬೇಡ ಎಂದು ಸಂಪಾದಕರನ್ನು ಕೇಳಿಕೊಂಡಿದ್ದೇನೆ. ನನ್ನ ಹೆಸರಿನಿಂದ ನಮ್ಮ ಮನೆ, ಮನೆಯಿಂದ ಆ ಪುಟ್ಟ ಹುಡುಗಿ ಯಾರಿಗೂ ಗೊತ್ತಾಗಬಾರದು.

ಮುಂದಿನ ಮಂಗಳವಾರ ಅಮ್ಮ ಬೆಂಗಳೂರಿಗೆ ಬರುತ್ತಿದ್ದಾಳೆ. ಬೆಳಗ್ಗೆ ನನ್ನ ಜೊತೆ ಆಸ್ಪತ್ರೆಗೆ, ಮಧ್ಯಾಹ್ನ ದೂರಿನ ಬಗ್ಗೆ ಕೇಳಲು ಕಾನೂನು ಸೇವಾ ಪ್ರಾಧಿಕಾರದ ವಕೀಲರ ಹತ್ತಿರ. ಬರುವಾಗ ಕೋಡುಬಳೆ ತರುತ್ತೇನೆ, ಎಷ್ಟು ಜನಕ್ಕೆ ಬೇಕು ಎಂದು ಫೋನಿನಲ್ಲಿ ಕೇಳಿದಳು. ಮೇಡಂಗೂ ಸೇರಿಸಿ ಲೆಕ್ಕ ಹೇಳಿದ್ದೇನೆ.